ಕೆಚ್ಚಲು ಬಾವಿಗೆ ಕೊಟ್ಟ ಔಷಧಿ ಯಾಕೆ ನಾಟುವುದಿಲ್ಲ?



ಹೋದ ಸಲ ಎರಡು ಇಂಜೆಕ್ಷನ್‌ಗೇ ಇಳಿದ ಕೆಚ್ಚಲು ಬಾವು ಈ ಸಲ ಐದು ದಿನವಾದರೂ ಇಳಿದಿಲ್ಲ ಎಂದು ಬೀರೂರು ಸುತ್ತಿನ ಹಳ್ಳಿಗಳಲ್ಲಿ ಅನೇಕರು ಹೇಳುತ್ತೀರಿ. ಔಷಧಿ ಕಳಪೆ ಎಂದು ಬೇಸರಪಡುತ್ತೀರಿ. ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ.

ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಒಂದೇ ಕುಟುಂಬದ ಆಂಟಿಬಯೋಟಿಕ್‌ಗಳು. ಇವುಗಳ ಶಕ್ತಿ ಇರುವುದು ಬೀಟಾ-ಲ್ಯಾಕ್ಟಮ್ ಎಂಬ ಚಿಕ್ಕ ಉಂಗುರದಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿ ಆ ಉಂಗುರವನ್ನು ಕತ್ತರಿಸುತ್ತವೆ. ಒಂದೇ ಕುಡುಗೋಲು ಇಡೀ ಹೊಲದ ಮೇವು ಕೊಯ್ಯುವಂತೆ ಈ ಕಿಣ್ವ ಸವೆಯದೆ ಕೆಲಸ ಮಾಡುತ್ತದೆ. ಇಂಥ ಕಿಣ್ವವನ್ನು ವಿಜ್ಞಾನಿಗಳು 1940ರಲ್ಲೇ ಗುರುತಿಸಿದ್ದರು. ಆಗ ಅದು ಪೆನಿಸಿಲಿನ್ ಅನ್ನು ಕೆಡಿಸುತ್ತಿತ್ತು. ಇಂದಿನ ಇಎಸ್‌ಬಿಎಲ್ ಕಿಣ್ವಗಳು ಸೆಫ್ಟ್ರಿಯಾಕ್ಸೋನ್ ಅನ್ನೂ ಬಿಡುವುದಿಲ್ಲ. ಈ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುತ್ತದೆ. ಸಗಣಿ, ಕೈ, ಹಸಿ ಹಾಲಿನ ಮೂಲಕ ಮನೆಯವರಿಗೂ ತಲುಪಬಹುದು. ನಮ್ಮ ಮಕ್ಕಳಿಗೆ ಆಸ್ಪತ್ರೆಯಲ್ಲಿ ಕೊಡುವುದೂ ಇದೇ ಕುಟುಂಬದ ಔಷಧಿಗಳನ್ನೇ.

ಇದನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಡೈರಿಯ ಯಂತ್ರ ಫ್ಯಾಟ್, ಎಸ್‌ಎನ್‌ಎಫ್ ಮಾತ್ರ ತೋರಿಸುತ್ತದೆ. ಲ್ಯಾಬಿನಲ್ಲಿ ಹಾಲಿನ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಔಷಧಿ ಹಚ್ಚಿದ ಬಿಲ್ಲೆಗಳನ್ನಿಟ್ಟು ನೋಡಬೇಕು. ಇದಕ್ಕೆ ಎರಡು-ಮೂರು ದಿನ ಬೇಕು. ಇಎಸ್‌ಬಿಎಲ್ ಅನುಮಾನ ಬಂದರೆ ಎರಡು ಬಿಲ್ಲೆ ಇಡುತ್ತಾರೆ: ಒಂದರಲ್ಲಿ ಔಷಧಿ ಮಾತ್ರ, ಇನ್ನೊಂದರಲ್ಲಿ ಔಷಧಿಯ ಜೊತೆ ಕಿಣ್ವದ ಕೈ ಕಟ್ಟುವ ಕ್ಲಾವುಲಾನಿಕ್ ಆಮ್ಲ. ಎರಡನೆಯದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಹೆಚ್ಚು ಅಗಲವಾಗಿದ್ದರೆ ಕಿಣ್ವ ಇದೆ ಎಂದು ತಿಳಿಯುತ್ತದೆ.

ಆದರೆ ಇಂಜೆಕ್ಷನ್ ಕೊಟ್ಟ ಮೇಲೆ ತೆಗೆದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಗ ಪರೀಕ್ಷೆ ವ್ಯರ್ಥ. ಆದ್ದರಿಂದ:

• ಹಾಲು ಒಡೆದಂತೆ ಕಂಡ ಕೂಡಲೇ, ಔಷಧಿಗೆ ಮೊದಲೇ, ಪಶು ಆಸ್ಪತ್ರೆಗೆ ತಿಳಿಸಿ ಶುದ್ಧ ಬಾಟಲಿ ಪಡೆಯಿರಿ.
• ಮೊಲೆತೊಟ್ಟು ತೊಳೆದು ಒಣಗಿಸಿ, ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಮೊದಲ ಮೂರು-ನಾಲ್ಕು ಧಾರೆ ಬಿಟ್ಟು ಹಾಲು ಹಿಡಿಯಿರಿ. ಐಸ್ ಇಟ್ಟು ತಲುಪಿಸಿ. ಫಲಿತಾಂಶ ಬರುವವರೆಗೆ ಹಸುವನ್ನು ಹಾಗೇ ಬಿಡುವುದಿಲ್ಲ. ಮಾದರಿ ತೆಗೆದ ತಕ್ಷಣ ಚಿಕಿತ್ಸೆ ಶುರು ಮಾಡುತ್ತೇವೆ.
• ಮೆಡಿಕಲ್ ಅಂಗಡಿಯಿಂದ ನೀವೇ ಆಂಟಿಬಯೋಟಿಕ್ ತರಬೇಡಿ. ಬಾವು ಇಳಿಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.
• ಔಷಧಿಯ ಲೇಬಲ್‌ನಲ್ಲಿ ಬರೆದಷ್ಟು ದಿನ, ಬರೆದಿಲ್ಲದಿದ್ದರೆ ಕನಿಷ್ಠ 7 ದಿನ, ಆ ಹಾಲನ್ನು ಡೈರಿಗೆ ಹಾಕಬೇಡಿ, ಕರುವಿಗೂ ಕುಡಿಸಬೇಡಿ.

ಒಂದು ಬಾಟಲಿ ಹಾಲು ಮೊದಲೇ ಕೊಟ್ಟರೆ, ಯಾವ ಔಷಧಿ ನಿಮ್ಮ ಹಸುವಿಗೆ ನಾಟುತ್ತದೆ ಎಂಬುದನ್ನು ಊಹಿಸದೆ, ತಿಳಿದು ಕೊಡಬಹುದು.