ನಲವತ್ತಮೂರು ಸಾವಿರ ಜನರ ಹನ್ನೆರಡು ದಿನದ ಊರು

ಸಂಕ್ರಾಂತಿಗೆ ಯಾದಗಿರಿ ತಾಲೂಕಿನ ಮೈಲಾಪುರದ ಮಲ್ಲಯ್ಯನ ಗುಡ್ಡಕ್ಕೆ ಹೋದವರಿಗೆ ಗೊತ್ತು, ಅಲ್ಲಿ ಜೈಕಾರವೇ ಒಂದು ಸಂಖ್ಯೆ. ಭಂಡಾರ ಗಾಳಿಗೆ ಏಳುತ್ತದೆ, ಸಾವಿರಾರು ಗಂಟಲು ಒಟ್ಟಿಗೆ ‘ಏಳು ಕೋಟಿ’ ಎಂದು ಕೂಗುತ್ತವೆ. ಏಳು ಕೋಟಿ ಅಂದರೆ ಎಷ್ಟೆಂದು ಅಲ್ಲಿ ಯಾರೂ ಬೆರಳು ಮಡಚುವುದಿಲ್ಲ. ಎಣಿಸಿ ಮುಗಿಯದ್ದಕ್ಕೆ ಹಿರಿಯರು ಇಟ್ಟ ಹೆಸರು ಅದು.

ಜಗತ್ತಿನಲ್ಲಿ ಇವತ್ತು ಸ್ಕೌಟ್ ಚಳವಳಿಯಲ್ಲಿ ಇರುವವರ ಸಂಖ್ಯೆ 5 ಕೋಟಿ 70 ಲಕ್ಷದ ಆಸುಪಾಸು. ಮಲ್ಲಯ್ಯನ ಏಳು ಕೋಟಿಗೆ 1 ಕೋಟಿ 30 ಲಕ್ಷವಷ್ಟೇ ಕಡಿಮೆ. 170ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿರುವ ಈ ಮಂದಿಗೂ ಒಂದು ಜಾತ್ರೆಯಿದೆ. ನಾಲ್ಕು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಸೇರುವ ಆ ಜಾತ್ರೆಯ ಹೆಸರು ವಿಶ್ವ ಸ್ಕೌಟ್ ಜಾಂಬೂರಿ. ನಮ್ಮ ಜಾತ್ರೆಗೆ ಲಕ್ಷ ಜನ ಬಂದರೂ ಹೆಚ್ಚಿನವರು ಕಾಯಿ ಒಡೆಸಿ, ಮಿಠಾಯಿ ಕಟ್ಟಿಸಿಕೊಂಡು, ರಾತ್ರಿಯೊಳಗೆ ಊರು ಸೇರುತ್ತಾರೆ. ಜಾಂಬೂರಿಗೆ ಬಂದವರು ಹಾಗೆ ಹೋಗುವವರಲ್ಲ. 14ರಿಂದ 17 ವರ್ಷದ ಮಕ್ಕಳು ತಂದೆತಾಯಿಯನ್ನು ಬಿಟ್ಟು ಬಂದು, ಡೇರೆ ಹಾಕಿ, ಅಡುಗೆ ಮಾಡಿ, ಬಟ್ಟೆ ಒಗೆದು, ಹತ್ತು ಹನ್ನೆರಡು ದಿನ ಅಲ್ಲೇ ಬದುಕುತ್ತಾರೆ.

2023ರ ಆಗಸ್ಟ್ 1ರಿಂದ 12ರವರೆಗೆ ದಕ್ಷಿಣ ಕೊರಿಯಾದ ಸೇಮಂಗಮ್‌ನಲ್ಲಿ ಗೊತ್ತಾದದ್ದು ಇಪ್ಪತ್ತೈದನೆಯ ಜಾಂಬೂರಿ. 150ಕ್ಕೂ ಹೆಚ್ಚು ದೇಶಗಳಿಂದ ಮಕ್ಕಳು, ಅವರ ನಾಯಕರು, ಸ್ವಯಂಸೇವಕರು ಸೇರಿ ಸುಮಾರು 43 ಸಾವಿರ ಜನ. ಈ ಅಂಕಿಯನ್ನು ನಮ್ಮ ಕಡೆಗೆ ತಂದು ಅಳೆಯೋಣ. 2011ರ ಜನಗಣತಿಯಲ್ಲಿ ಸುರಪುರ ಪಟ್ಟಣದ ಜನಸಂಖ್ಯೆ 50 ಸಾವಿರದ ಆಸುಪಾಸು, ಶಹಾಪುರದ್ದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕೈಕೂಸುಗಳನ್ನೂ ತೀರಾ ವಯಸ್ಸಾದವರನ್ನೂ ಮನೆಯಲ್ಲಿ ಬಿಟ್ಟು, ಉಳಿದ ಸುರಪುರವೆಲ್ಲ ಎದ್ದು ಹೋಗಿ ಸಮುದ್ರದ ದಂಡೆಯಲ್ಲಿ ಡೇರೆ ಹಾಕಿದಂತೆ. ಸುರಪುರ ಊರಾಗಲು ನಾಯಕ ಅರಸರ ಎಷ್ಟೋ ತಲೆಮಾರು ಬೇಕಾಯಿತು. ಆ ಡೇರೆಗಳ ಊರು ಏಳಬೇಕಾದದ್ದು ಕೆಲವೇ ದಿನಗಳಲ್ಲಿ, ಹದಿಮೂರನೆಯ ದಿನ ಅಲ್ಲಿ ಡೇರೆಯ ಗೂಟವೂ ಉಳಿಯಬಾರದು.

ಜಾಗದ ಲೆಕ್ಕ ನೋಡಿ. ಶಿಬಿರಕ್ಕೆ ಕೊಟ್ಟ ನೆಲ 8.84 ಚದರ ಕಿಲೋಮೀಟರ್, ನಮ್ಮ ಅಳತೆಯಲ್ಲಿ 2,180 ಎಕರೆ ಮೇಲೆ. 43 ಸಾವಿರಕ್ಕೆ ಭಾಗಿಸಿದರೆ ತಲೆಗೆ ಎರಡು ಗುಂಟೆ ಬರುತ್ತದೆ. ದಾರಿ, ಮೈದಾನ, ಗೋದಾಮು, ಆಸ್ಪತ್ರೆ ಎಲ್ಲವೂ ಆ ಎರಡು ಗುಂಟೆಯೊಳಗೇ ಸೇರಿದವು. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಎರಡು ಗುಂಟೆಗೆ ಕೋರ್ಟು ಹತ್ತುವ ನಾಡು ನಮ್ಮದು. ಅಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡದ 43 ಸಾವಿರ ಜನಕ್ಕೆ ಆ ಹಂಚಿಕೆ ಆಗಿತ್ತು.

ಆ ನೆಲವೂ ಸಾಮಾನ್ಯದ್ದಲ್ಲ, ಸಮುದ್ರದಿಂದ ಕಸಿದುಕೊಂಡದ್ದು. ಸೇಮಂಗಮ್‌ನಲ್ಲಿ ಕಡಲಿಗೆ ಅಡ್ಡಲಾಗಿ ಕಟ್ಟಿದ ಗೋಡೆಯ ಉದ್ದ 33.9 ಕಿಲೋಮೀಟರ್. ಜಗತ್ತಿನಲ್ಲಿ ಇಂಥ ಗೋಡೆಗಳಲ್ಲಿ ಅತ್ಯಂತ ಉದ್ದದ್ದು ಎಂಬ ದಾಖಲೆ ಅದರದು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಮೇಲೆ ನಿಂತು ಆಚೆ ದಂಡೆ ಕಾಣದೆ ಬೆರಗಾದವರಿದ್ದೇವೆ. ಆ ಅಣೆಕಟ್ಟಿನ ಉದ್ದ ಸುಮಾರು ಹತ್ತೂವರೆ ಕಿಲೋಮೀಟರ್. ಅಂಥ ಮೂರು ಬಸವಸಾಗರಗಳನ್ನು ಸಾಲಾಗಿ ಇಟ್ಟರೂ ಸೇಮಂಗಮ್ ಗೋಡೆ ಇನ್ನಷ್ಟು ಉಳಿಯುತ್ತದೆ. ಯಾದಗಿರಿಯಿಂದ ಶಹಾಪುರಕ್ಕೆ ನೇರ ಗೆರೆ ಎಳೆದರೆ ಎಷ್ಟೋ ಹೆಚ್ಚುಕಡಿಮೆ ಅಷ್ಟು ಉದ್ದ.

ಇನ್ನು ಹೊಟ್ಟೆಯ ಲೆಕ್ಕ. ದಿನಕ್ಕೆ ಮೂರು ಹೊತ್ತು, ಹನ್ನೆರಡು ದಿನ, 43 ಸಾವಿರ ಜನ. ಗುಣಿಸಿದರೆ 15 ಲಕ್ಷ 48 ಸಾವಿರ ಊಟ. ಯಾದಗಿರಿ ಜಿಲ್ಲೆಯ ಒಟ್ಟು ಜನಸಂಖ್ಯೆ 2011ರಲ್ಲಿ 11,74,271. ಇಡೀ ಜಿಲ್ಲೆಗೆ ಒಂದೊಂದು ಊಟ ಬಡಿಸಿದ ಮೇಲೂ 3 ಲಕ್ಷ 70 ಸಾವಿರ ಊಟ ಉಳಿಯುತ್ತವೆ. ಇದನ್ನು ಜೋಳದ ರೊಟ್ಟಿಗೆ ಇಳಿಸಿದರೆ ಮನೆಯ ಹೆಣ್ಣುಮಕ್ಕಳಿಗೆ ತಟ್ಟನೆ ತಿಳಿದೀತು. ಒಂದು ಹೊತ್ತಿಗೆ ತಲೆಗೆ ಎರಡರಂತೆ 86 ಸಾವಿರ ರೊಟ್ಟಿ. ಕೈ ಪಳಗಿದ ಒಬ್ಬಾಕೆ ನಿಮಿಷಕ್ಕೊಂದು ಬಡಿಯುತ್ತಾಳೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎಂಟು ತಾಸು ಬಡಿದರೂ ಆ ಒಂದು ಹೊತ್ತಿನ ರೊಟ್ಟಿ ಮುಗಿಸಲು 179 ದಿನ ಬೇಕು, ಅಂದರೆ ಆರು ತಿಂಗಳು. ಎರಡು ತಾಸಿನಲ್ಲೇ ಮುಗಿಯಬೇಕು ಎಂದರೆ 717 ಹೆಂಗಸರು, 717 ಒಲೆ, 717 ಹಂಚು.

ನೀರಿಗೂ ಹಾಗೆಯೇ. ನಿರಾಶ್ರಿತರ ಶಿಬಿರಗಳಿಗೆ ಜಗತ್ತು ಒಪ್ಪಿಕೊಂಡ ಕನಿಷ್ಠ ಅಳತೆ ತಲೆಗೆ ದಿನಕ್ಕೆ 15 ಲೀಟರ್. ಅಷ್ಟೇ ಕೊಟ್ಟರೂ 43 ಸಾವಿರ ಜನಕ್ಕೆ ದಿನಕ್ಕೆ 6 ಲಕ್ಷ 45 ಸಾವಿರ ಲೀಟರ್ ಬೇಕು. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 129 ಟ್ಯಾಂಕರ್. ಒಂದು ಟ್ಯಾಂಕರ್ ಬಂದರೆ ಓಣಿಯಲ್ಲಿ ಕೊಡಗಳ ಜಗಳ ಹೇಗಿರುತ್ತದೆ ಎಂದು ಬಲ್ಲವರಿಗೆ 129ರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಷ್ಟು ದೊಡ್ಡ ಲೆಕ್ಕವನ್ನು ಜಾಂಬೂರಿ ಹೊರುವುದು ಹೇಗೆ? ಉತ್ತರ ಬಹಳ ಸಣ್ಣದು: ಒಂಬತ್ತು. ಜಾಂಬೂರಿಯಲ್ಲಿ ಒಂಬತ್ತು ಮಕ್ಕಳ ಒಂದು ಗುಂಪಿಗೆ ಪೆಟ್ರೋಲ್ ಎಂದು ಹೆಸರು. ನಾಲ್ಕು ಪೆಟ್ರೋಲ್ ಸೇರಿ 36 ಮಕ್ಕಳು, ಅವರ ಜೊತೆ ನಾಲ್ವರು ನಾಯಕರು, ಒಟ್ಟು 40 ಜನರ ಒಂದು ಯೂನಿಟ್. 86 ಸಾವಿರ ರೊಟ್ಟಿಯನ್ನು ಒಬ್ಬರೇ ಬಡಿಯಬೇಕಿಲ್ಲ. ದಿನಸಿ ತಂದು ತಮ್ಮ ಪಾಳಿಯಲ್ಲಿ ತಮ್ಮ ಗುಂಪಿಗಷ್ಟೇ ಬೇಯಿಸಿದರೆ ಸಾಕು. ಯಾರಿಗೆ ಜ್ವರ ಬಂದಿದೆ, ಯಾರು ಮನೆ ನೆನೆದು ರಾತ್ರಿ ಅತ್ತರು, ಯಾರು ನೀರು ಕುಡಿಯದೆ ಬಿಸಿಲಲ್ಲಿ ತಿರುಗುತ್ತಿದ್ದಾರೆ ಎಂಬುದು 43 ಸಾವಿರ ಜನರ ಆಫೀಸಿಗೆ ತಿಳಿಯದು, ಒಂಬತ್ತು ಜನರ ಡೇರೆಗೆ ತಿಳಿಯುತ್ತದೆ. ನಮ್ಮ ಒಕ್ಕಲು ಮನೆಗಳಲ್ಲಿ ಎಷ್ಟು ಜನ ಇರುತ್ತಿದ್ದರೋ ಅಷ್ಟೇ ಜನ.

ಈ ಕಟ್ಟು ಮೊದಲ ದಿನದಿಂದ ಬಂದದ್ದು. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಕರೆದುಕೊಂಡು ಹೋದದ್ದು 20 ಹುಡುಗರನ್ನು. ತೋಳ, ಗೂಳಿ, ಕಾಗೆಗಳ ಬಳಗದ ರೇವನ್ ಹಕ್ಕಿ, ಉದ್ದ ಕೊಕ್ಕಿನ ಕರ್ಲ್ಯೂ ಹಕ್ಕಿ ಎಂದು ಹೆಸರಿಟ್ಟು ಅವರನ್ನು ನಾಲ್ಕು ಪೆಟ್ರೋಲ್ ಮಾಡಿದರು. 1920ರಲ್ಲಿ ಲಂಡನ್ನಿನ ಒಲಿಂಪಿಯಾದಲ್ಲಿ ನಡೆದ ಮೊದಲ ಜಾಂಬೂರಿಗೆ 34 ದೇಶಗಳಿಂದ 8 ಸಾವಿರ ಜನ ಬಂದರು. 1929ರಲ್ಲಿ ಆರೋ ಪಾರ್ಕಿನಲ್ಲಿ ಸಂಖ್ಯೆ 50 ಸಾವಿರದ ಹತ್ತಿರ ಹೋಯಿತು. 20ರಿಂದ 43 ಸಾವಿರಕ್ಕೆ ಎಂದರೆ 2,150 ಪಟ್ಟು. ಇಷ್ಟು ಬೆಳೆದರೂ ಯೂನಿಟ್ಟಿನಲ್ಲಿ ಪೆಟ್ರೋಲ್ ಇವತ್ತಿಗೂ ನಾಲ್ಕೇ.

ಜಾಂಬೂರಿಗೂ ನೀರಿಗೂ ಹಳೆಯ ವೈರ. 1920ರಲ್ಲಿ ಥೇಮ್ಸ್ ನದಿ ಉಕ್ಕಿ ಸ್ಕೌಟ್‌ಗಳ ಡೇರೆಗಳಿಗೆ ನುಗ್ಗಿತು. 1929ರದ್ದು ಮಳೆಗೆ ಸಿಕ್ಕು ‘ಕೆಸರಿನ ಜಾಂಬೂರಿ’ ಎಂದೇ ಹೆಸರಾಯಿತು. 1971ರಲ್ಲಿ ಜಪಾನಿನ ಅಸಗಿರಿಯಲ್ಲಿ ಬಿರುಗಾಳಿ ಮಳೆಗೆ 16 ಸಾವಿರ ಜನರನ್ನು ಶಿಬಿರದಿಂದ ಹೊರಗೆ ಸಾಗಿಸಬೇಕಾಯಿತು. 2023ರಲ್ಲಿ ಮೊದಲು ಕಾಡಿದ್ದು ಬಿಸಿಲು, ಆಮೇಲೆ ಬಂದದ್ದು ಚಂಡಮಾರುತ.

ಉದ್ಘಾಟನೆಯ ರಾತ್ರಿಯೇ ನೂರರ ಆಸುಪಾಸು ಜನ ಧಗೆಗೆ ಕುಸಿದು ಚಿಕಿತ್ಸೆ ಪಡೆದರು. ಆ ದಿನಗಳಲ್ಲಿ ಅಲ್ಲಿನ ಹಗಲಿನ ಉಷ್ಣಾಂಶ 34–35 ಡಿಗ್ರಿ. ನಮ್ಮವರು ಕೇಳಿದರೆ ನಕ್ಕಾರು: ‘ಅಷ್ಟಕ್ಕ ಏನಾತು? ನಮ್ಮ ಕಡಿ ಬ್ಯಾಸಗ್ಯಾಗ ನಲವತ್ತೆರಡು ದಾಟ್ತದಲ್ಲ!’ ದಾಟುತ್ತದೆ, ನಿಜ. ಆದರೆ ಯಾದಗಿರಿಯದು ಒಣ ಬಿಸಿಲು. ಬೆವರು ಬಂದಷ್ಟೂ ಆರಿಹೋಗುತ್ತದೆ, ಆರುವಾಗ ಮೈಯ ಕಾವನ್ನು ಒಯ್ಯುತ್ತದೆ. ಕಡಲ ದಂಡೆಯ ಗಾಳಿ ಮೊದಲೇ ನೀರು ಕುಡಿದು ಕುಳಿತಿರುವುದರಿಂದ ಬೆವರು ಆರಲು ಜಾಗವಿಲ್ಲ, ಕಾವು ಮೈಯೊಳಗೇ ಉಳಿಯುತ್ತದೆ. ಅದೂ ಅಲ್ಲದೆ ನಮ್ಮ ಬಿಸಿಲಿಗೆ ಬಿಳಿ ರುಮಾಲಿದೆ, ಮಜ್ಜಿಗೆಯಿದೆ, ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ರೂಢಿಯಿದೆ, ಹೊಲದ ಬದುವಿನಲ್ಲಿ ಒಂದು ಬೇವಿನ ಮರವಾದರೂ ಇದೆ. ಸಮುದ್ರ ಮುಚ್ಚಿ ಮಾಡಿದ ಬಯಲಿನಲ್ಲಿ ನೆರಳು ಕೊಡುವ ಮರವೇ ಇರಲಿಲ್ಲ. ಹಿಂದೆ ಬಿದ್ದ ಮಳೆಯ ನೀರು ಇಂಗದೆ ನಿಂತು ಸೊಳ್ಳೆ ಹುಟ್ಟಿದ್ದವು. ಶೌಚಾಲಯ, ಆಹಾರ, ವೈದ್ಯಕೀಯ ವ್ಯವಸ್ಥೆ ಎಲ್ಲದರ ಬಗ್ಗೆ ದೂರುಗಳು ಎದ್ದವು. ಸುಮಾರು 4,400 ಜನರ ಬ್ರಿಟನ್ ತಂಡ ನಡುವೆಯೇ ಶಿಬಿರ ಬಿಟ್ಟಿತು, ಅಮೆರಿಕ ಮತ್ತು ಸಿಂಗಪುರದ ತಂಡಗಳೂ ಹೊರಟವು.

ಅಷ್ಟರಲ್ಲಿ ಖನೂನ್ ಚಂಡಮಾರುತ ಬರುವ ಸುದ್ದಿ ಬಂತು. ಆಗಸ್ಟ್ 8ರಂದು ಉಳಿದ ಸುಮಾರು 37 ಸಾವಿರ ಜನರನ್ನು ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ಹತ್ತಿಸಿ ಬೇರೆ ಊರುಗಳಿಗೆ ಸಾಗಿಸಿದರು. ಬಸ್ಸಿಗೆ 12 ಮೀಟರ್ ಎಂದು ಹಿಡಿದು ಒಂದರ ಹಿಂದೆ ಒಂದು ತಾಗಿಸಿ ನಿಲ್ಲಿಸಿದರೆ 12 ಕಿಲೋಮೀಟರ್ ಸಾಲು. ಬಸವಸಾಗರದ ಈ ತುದಿಯಿಂದ ಆ ತುದಿಗೆ ನಿಲ್ಲಿಸಿದರೂ ಇನ್ನೂ ನೂರಕ್ಕೂ ಹೆಚ್ಚು ಬಸ್ಸು ಹೊರಗೆ ಉಳಿಯುತ್ತವೆ. ಬಸ್ಸಿಗೆ ಸರಾಸರಿ 37 ಜನ. ಜಾಂಬೂರಿಯ ಒಂದು ಯೂನಿಟ್ 40 ಜನ, ಅಂದರೆ ಹೆಚ್ಚುಕಡಿಮೆ ಒಂದು ಯೂನಿಟ್ಟಿಗೆ ಒಂದು ಬಸ್ಸು. ಜಾತ್ರೆ ಮುಗಿದ ರಾತ್ರಿ ಬಸ್‌ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮಗೆ ಆ ದಿನದ ಬೆಲೆ ಗೊತ್ತಾಗಬೇಕು. ನೆಲ ಆರಿಸಿದವರು, ನೀರು ಹೊರಹೋಗುವ ದಾರಿ ಮಾಡದವರು, ದುಡ್ಡು ಖರ್ಚು ಮಾಡಿದವರು ತಪ್ಪಿದ್ದರು. ಮಕ್ಕಳ ಕಟ್ಟು ತಪ್ಪಿರಲಿಲ್ಲ. ಆಗಸ್ಟ್ 11ರಂದು ಸೋಲ್‌ನ ವಿಶ್ವಕಪ್ ಕ್ರೀಡಾಂಗಣದಲ್ಲಿ ಸುಮಾರು 40 ಸಾವಿರ ಸ್ಕೌಟ್‌ಗಳು ಮತ್ತೆ ಸೇರಿ ಹಾಡು ಕೇಳಿ ಊರಿಗೆ ಹೊರಟರು.

ಇದೆಲ್ಲ ದೂರದ ಮಾತು, ನಮಗೇನು ಎನ್ನಬೇಡಿ. ಭಾರತದಲ್ಲಿ ಸ್ಕೌಟ್ ಚಳವಳಿ 1909ರಲ್ಲಿ ಕಾಲಿಟ್ಟದ್ದೇ ಬೆಂಗಳೂರಿನಲ್ಲಿ. ಆಗ ಅದು ಬಿಳಿಯರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗಷ್ಟೇ ಇತ್ತು. ಆನಿ ಬೆಸೆಂಟ್ ಮುಂತಾದವರು ಭಾರತೀಯ ಮಕ್ಕಳಿಗೆ ಬೇರೆ ದಾರಿ ತೆರೆದರು. ಬೇರೆಬೇರೆಯಾಗಿದ್ದ ಸಂಸ್ಥೆಗಳು 1950ರ ನವೆಂಬರ್ 7ರಂದು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದವು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡಬಿದಿರೆಯ ಆಳ್ವಾಸ್ ವಿದ್ಯಾಗಿರಿಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಸೇರಿದವರು 50 ಸಾವಿರದ ಆಸುಪಾಸು, ಹೊರದೇಶಗಳ ಮಕ್ಕಳೂ ಅದರಲ್ಲಿದ್ದರು. ಸಂಖ್ಯೆಯಲ್ಲಿ ಅದು ಸೇಮಂಗಮ್‌ಗೆ ಕಡಿಮೆಯಿರಲಿಲ್ಲ. ಊರು ಬಿಡಲಾಗದ ಮಕ್ಕಳಿಗಾಗಿ ಪ್ರತಿ ಅಕ್ಟೋಬರ್‌ನಲ್ಲಿ ಹ್ಯಾಮ್ ರೇಡಿಯೋ ಮತ್ತು ಇಂಟರ್ನೆಟ್ ಮೂಲಕ ಜಾಂಬೂರಿ ನಡೆಯುತ್ತದೆ, 20 ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರುತ್ತಾರೆ. ಸುರಪುರದ ಶಾಲೆಯೊಂದು ಅದಕ್ಕೆ ಸೇರಲು ಬೇಕಾದದ್ದು ಒಂದು ಫೋನು ಮತ್ತು ಮನಸ್ಸಿರುವ ಒಬ್ಬ ಮೇಷ್ಟ್ರು.

ನಮ್ಮ ಜಿಲ್ಲೆಯ ಹೆಸರಿನ ಮುಂದೆ ಯಾವಾಗಲೂ ಒಂದು ಅಂಕಿ ಅಂಟಿಕೊಂಡಿರುತ್ತದೆ: 2011ರ ಜನಗಣತಿಯಲ್ಲಿ ಸಾಕ್ಷರತೆ ಶೇಕಡಾ 51.83, ರಾಜ್ಯಕ್ಕೇ ಕಡೆ. ಆ ಅಂಕಿಯನ್ನು ಬದಲಿಸಲು ಶಾಲೆ ಬೇಕು, ಶಿಕ್ಷಕರು ಬೇಕು, ವರ್ಷಗಳು ಬೇಕು. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಅಂಕಿ ಬರೆಯಲು ಅಷ್ಟು ಕಾಲ ಬೇಡ. ಮುಂದಿನ ವಿಶ್ವ ಜಾಂಬೂರಿ 2027ರಲ್ಲಿ ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಸಾವಿರಾರು ಕೋಟಿ ರೂಪಾಯಿ ಎಣಿಸುವವರಿಗೆ, ಊರ ಜಾತ್ರೆಗೆ ಲಕ್ಷ ಲಕ್ಷ ಕೊಡುವ ಧಣಿಗಳಿಗೆ, ಒಂಬತ್ತು ಮಕ್ಕಳ ವಿಮಾನದ ಖರ್ಚು ದೊಡ್ಡ ಲೆಕ್ಕವಲ್ಲ. ಜಿಲ್ಲೆಯ 1 ಲಕ್ಷ 30 ಸಾವಿರ ಜನಕ್ಕೆ ಒಬ್ಬರಂತೆ ಕಳಿಸಿದರೆ ಸರಿಯಾಗಿ ಒಂಬತ್ತು ಆಗುತ್ತದೆ. ಯಾದಗಿರಿಯಿಂದ ಮೂವರು, ಶಹಾಪುರದಿಂದ ಮೂವರು, ಸುರಪುರದಿಂದ ಮೂವರು. ಒಂದು ಪೆಟ್ರೋಲ್ ಭರ್ತಿ.