ಭತ್ತದ ಗದ್ದೆಯ ಮೀಥೇನ್: ಹೊಣೆ ಯಾರದು?

ನಾಟಿಯಾದ ಗದ್ದೆಯಲ್ಲಿ ಕಾಲಿಟ್ಟಾಗ ಕೆಸರಿನಿಂದ ಗುಳ್ಳೆಗಳು ಮೇಲೇಳುವುದನ್ನು ರೈತ ಬಾಂಧವರು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಮೀಥೇನ್ ಎಂಬ ಅನಿಲವಿರುತ್ತದೆ. ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ. ನಿಂತ ನೀರು ಮಣ್ಣಿಗೆ ಆಮ್ಲಜನಕ ಸಿಗದಂತೆ ತಡೆಯುತ್ತದೆ. ಆಗ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹುಲ್ಲು, ಕೂಳೆ, ಕೊಟ್ಟಿಗೆ ಗೊಬ್ಬರಗಳನ್ನು ಕೊಳೆಸಿ ಈ ಅನಿಲವನ್ನು ಉಂಟುಮಾಡುತ್ತವೆ. ಗುಳ್ಳೆಯಾಗಿ ಹೊರಬರುವುದು ಸ್ವಲ್ಪ ಭಾಗ ಮಾತ್ರ. ಬಹುಪಾಲು ಭತ್ತದ ಗಿಡದೊಳಗಿನ ಗಾಳಿಕೊಳವೆಗಳ ಮೂಲಕವೇ ವಾತಾವರಣ ಸೇರುತ್ತದೆ.

ನೂರು ವರ್ಷಗಳ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಶಾಖವನ್ನು ಹಿಡಿದಿಡುತ್ತದೆ. ಆದುದರಿಂದಲೇ ಭೂಮಿಯ ಉಷ್ಣತೆ ಏರುತ್ತಿರುವ ಚರ್ಚೆಯಲ್ಲಿ ನಮ್ಮ ಗದ್ದೆಯ ಹೆಸರೂ ಬಂದಿದೆ. (ದನ, ಎಮ್ಮೆಗಳ ಮೇಲೂ ಇದೇ ಆಪಾದನೆಯಿದೆ. ಅದನ್ನು ಪಶುವಿಜ್ಞಾನದ ಮಿತ್ರರಿಗೆ ಬಿಟ್ಟಿದ್ದೇನೆ.)

1990ರಲ್ಲಿ ಅಮೆರಿಕದ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ವರದಿಯಲ್ಲಿ ಭೂಮಿಯನ್ನು ಬಿಸಿ ಮಾಡುವ ಮೊದಲ ಐದು ದೇಶಗಳ ಸಾಲಿನಲ್ಲಿ ಭಾರತವನ್ನೂ ಸೇರಿಸಲಾಗಿತ್ತು. ಮರುವರ್ಷವೇ ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಇದಕ್ಕೆ ಉತ್ತರ ಬರೆದರು. ಹೊಟ್ಟೆಪಾಡಿಗೆ ಭತ್ತ ಬೆಳೆಯುವವನ ಗದ್ದೆಯ ಅನಿಲವನ್ನೂ ಮನೆಗೆರಡು ಕಾರು ಇಟ್ಟುಕೊಂಡವನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಅವರ ಪ್ರಶ್ನೆ. ಹೊಣೆಯನ್ನು ದೇಶದ ಲೆಕ್ಕದಲ್ಲಿ ಹಂಚಬಾರದು, ತಲೆಯ ಲೆಕ್ಕದಲ್ಲಿ ಹಂಚಬೇಕು ಎಂದು ಅವರು ವಾದಿಸಿದರು.

ಅಂಕಿಗಳಲ್ಲೂ ದೋಷವಿತ್ತು. ನಮ್ಮ ದೇಶದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಹೊರಬರುತ್ತದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜು ಮಾಡಿತ್ತು. 1991ರಲ್ಲಿ ಡಾ. ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ದೇಶದ ನಾನಾ ಕಡೆ ಗದ್ದೆಗಿಳಿದು ಅಳತೆ ಮಾಡಿದರು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪರೀಕ್ಷಿಸುವ ವಿಧಾನವಿದು. ಬಂದ ಲೆಕ್ಕ ಸುಮಾರು 40 ಲಕ್ಷ ಟನ್ ಮಾತ್ರ! ಹೊರದೇಶದ ಗದ್ದೆಗಳ ಅಳತೆಯನ್ನು ನಮ್ಮ ವಿಸ್ತೀರ್ಣಕ್ಕೆ ಗುಣಿಸಿದ್ದರಿಂದ ಅಂಕಿ ಉಬ್ಬಿತ್ತು. ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ಬಹಳಷ್ಟು ಭತ್ತ ಮಳೆಯಾಶ್ರಿತವಾಗಿದ್ದು ನಡುನಡುವೆ ಗದ್ದೆ ಒಣಗುತ್ತದೆ.

ಜನಸಂಖ್ಯೆಯೇ ಎಲ್ಲಕ್ಕೂ ಮೂಲವೆನ್ನುವವರು ಇಂದಿಗೂ ಇದ್ದಾರೆ. 2023ರಲ್ಲಿ ನಾವು ಚೀನಾವನ್ನು ಮೀರಿಸಿದ್ದು ನಿಜ. ಆದರೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2019-21ರ ಸಮೀಕ್ಷೆಯಂತೆ 1.7ಕ್ಕೆ ಇಳಿದಿದೆ. ಇನ್ನು ಬಳಕೆಯ ಮಾತು: ಇಂಗಾಲದ ಡೈಆಕ್ಸೈಡ್ ತಲೆಗೆ ವರ್ಷಕ್ಕೆ ಭಾರತದಲ್ಲಿ ಸುಮಾರು 2 ಟನ್, ಅಮೆರಿಕದಲ್ಲಿ ಸುಮಾರು 14 ಟನ್. ಈ ವಾದದಲ್ಲಿ ನ್ಯಾಯ ನಮ್ಮ ಕಡೆಗಿದೆ ಎಂಬುದೇ ನನ್ನ ಅಭಿಪ್ರಾಯ.

ಹಾಗೆಂದು ಗದ್ದೆಯಲ್ಲಿ ನೀರು ನಿಲ್ಲಿಸುವುದನ್ನು ಸಮರ್ಥಿಸಲಾರೆ. ನಮ್ಮ ನೀರಿನ ವ್ಯಾಜ್ಯ ಅಮೆರಿಕದೊಂದಿಗಲ್ಲ, ಅದೇ ಕಾಲುವೆಯ ಕೆಳಭಾಗದ ರೈತನೊಂದಿಗೆ. 1953ರಲ್ಲಿ 133 ಟಿ.ಎಂ.ಸಿ. ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಎಡದಂಡೆ ಕಾಲುವೆಯನ್ನು ಮುಖ್ಯವಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರೂ ಮೇಲ್ಭಾಗದಲ್ಲಿ ಭತ್ತವೇ ತುಂಬಿದೆ. ಮಾನ್ವಿ, ರಾಯಚೂರು ಕಡೆಯ ಕೊನೆಯ ಹೊಲಗಳಿಗೆ ನೀರು ತಲುಪುವುದು ಕಷ್ಟ.

ಇಲ್ಲಿ ಒಂದು ಸರಳ ಪದ್ಧತಿಯನ್ನು ಹೇಳಬಹುದು. 30 ಸೆಂ.ಮೀ. ಉದ್ದದ ಪಿ.ವಿ.ಸಿ. ಪೈಪಿನ ಕೆಳಗಿನ ಅರ್ಧಕ್ಕೆ ರಂಧ್ರಗಳನ್ನು ಕೊರೆದು, ಆ ಭಾಗವನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣನ್ನು ತೆಗೆಯಬೇಕು. ನಾಟಿಯಾಗಿ ಎರಡು ವಾರಗಳ ನಂತರ, ಪೈಪಿನೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ 5 ಸೆಂ.ಮೀ. ನೀರು ಹಾಯಿಸಬೇಕು. ಕಳೆ ಹೆಚ್ಚಿದ್ದರೆ ಇನ್ನೊಂದು ವಾರ ಕಾಯಿರಿ. ಹೂವಾಡುವ ಒಂದು ವಾರ ಮೊದಲು ಮತ್ತು ಒಂದು ವಾರ ನಂತರ ನೀರು ತಪ್ಪಬಾರದು. ಯೂರಿಯಾ ಮೇಲುಗೊಬ್ಬರವನ್ನು ನೀರು ಕಟ್ಟುವ ಮುಂಚೆ, ಒಣಗಿದ ಮಣ್ಣಿಗೆ ಕೊಡಿ. ಇದರಿಂದ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸರಿಯಾಗಿ ಮಾಡಿದರೆ ನೀರೂ ಉಳಿಯುತ್ತದೆ, ಇಳುವರಿಯೂ ಕುಗ್ಗುವುದಿಲ್ಲ.

ಎಲ್ಲ ಭೂಮಿಗೂ ಇದು ಒಗ್ಗದು. ಸವಳು ಭೂಮಿಯಲ್ಲಿ ಒಣಗಿಸಿದರೆ ಉಪ್ಪು ಮೇಲೇರುತ್ತದೆ. ಎರೆ ಭೂಮಿ ಆಳವಾಗಿ ಬಿರುಕು ಬಿಟ್ಟರೆ ಮುಂದಿನ ನೀರೆಲ್ಲ ಬಿರುಕಿನ ಪಾಲು. ಆದ್ದರಿಂದ ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡೊಡನೆ ನೀರು ಕೊಡಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. “ನನ್ನ ಸರದಿಗೆ ನೀರು ಬಂದೇ ಬರುತ್ತದೆಂದು ಯಾರು ಹೇಳುತ್ತಾರೆ ಸ್ವಾಮೀ? ಬಂದಾಗ ತುಂಬಿಕೊಳ್ಳಬೇಕು” ಎನ್ನುವ ರೈತರನ್ನು ಹಲವು ಸಭೆಗಳಲ್ಲಿ ಕಂಡಿದ್ದೇನೆ. ಅವರ ಮಾತು ತಪ್ಪಲ್ಲ. ಕಾಲುವೆಯ ಸರದಿ ನಂಬುವಂತಿಲ್ಲದಿದ್ದರೆ ಗದ್ದೆ ಒಣಗಿಸುವ ಧೈರ್ಯ ಯಾರಿಗೂ ಬಾರದು. ಇದು ಒಬ್ಬ ರೈತನಿಂದಾಗುವ ಕೆಲಸವಲ್ಲ. ಒಂದು ತೂಬಿನ ಕೆಳಗಿನ ರೈತರೆಲ್ಲ ನೀರು ಬಳಕೆದಾರರ ಸಂಘದಲ್ಲಿ ಕುಳಿತು, ನಾಟಿಗೆ ಮೊದಲೇ ಸರದಿಯ ದಿನಗಳನ್ನು ಬರೆದಿಟ್ಟುಕೊಳ್ಳಬೇಕು. ಬರೆದಂತೆ ನೀರು ಬಿಡುವುದು ನೀರಾವರಿ ಇಲಾಖೆಯ ಹೊಣೆ.

ಈಗ ಗದ್ದೆ ಒಣಗಿಸಿದರೆ ಹಣ ಕೊಡುತ್ತೇವೆಂದು ಕಾರ್ಬನ್ ಕ್ರೆಡಿಟ್ ಕಂಪನಿಗಳವರೂ ಹಳ್ಳಿಗೆ ಬರುತ್ತಿದ್ದಾರೆ. ಸಹಿ ಹಾಕುವ ಮುನ್ನ ಕರಾರು ಎಷ್ಟು ವರ್ಷದ್ದು, ಅಳತೆ ಮಾಡುವವರು ಯಾರು, ಎಕರೆಗೆ ಎಷ್ಟು ಮತ್ತು ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆಸಿ ಕೇಳಿರಿ.