ವೀರ್ಯಾಣುವಿನ ಗುಣ: ಎಣಿಕೆಯೊಂದೇ ಸಾಲದು

ಬಿತ್ತನೆಬೀಜದ ಚೀಲವನ್ನು ತೂಗಿ ನೋಡಿ ಮೊಳಕೆಯ ಪ್ರಮಾಣವನ್ನು ಹೇಳಲಾಗದೆಂಬುದು ರೈತ ಬಾಂಧವರಿಗೆ ತಿಳಿದ ವಿಷಯ. ಹೊರಗೆ ಗಟ್ಟಿಯಾಗಿ ಕಾಣುವ ಕಾಳೂ ಒಳಗಿನ ಭ್ರೂಣ ಕೆಟ್ಟಿದ್ದರೆ ಮೊಳೆಯದು. ಗಂಡಸಿನ ವೀರ್ಯಾಣುವಿಗೂ ಈ ಮಾತು ಅನ್ವಯಿಸುತ್ತದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ಆದರೂ ಹರಕೆ, ಔಷಧಿ, ಕೊನೆಗೆ ಎರಡನೆಯ ಮದುವೆಯ ಮಾತು, ಎಲ್ಲವೂ ಹೆಂಗಸಿನ ಮೇಲೆಯೇ ಬೀಳುತ್ತವೆ.

ಮೊದಲನೆಯದು ಸೂಕ್ಷ್ಮದರ್ಶಕದ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಶೇ. 42 ಚಲಿಸುವಂಥವು ಎಂಬುದು ಕೆಳಮಿತಿ. ಇದಕ್ಕಿಂತ ಕಡಿಮೆಯಿದ್ದವರಿಗೂ ಮಕ್ಕಳಾಗುವುದುಂಟು. ಹೆಚ್ಚಿದ್ದವರಿಗೆ ಆಗದಿರುವುದೂ ಉಂಟು. ಈ ಎರಡನೆಯ ಗುಂಪಿನಲ್ಲಿಯೇ ಅಣುಮಟ್ಟದ ಸೂಚಕಗಳು ಉಪಯೋಗಕ್ಕೆ ಬರುತ್ತವೆ.

ತಂದೆಯ ಗುಣಗಳನ್ನು ಹೊತ್ತ ಡಿ.ಎನ್.ಎ. ಎಳೆಯು ವೀರ್ಯಾಣುವಿನ ಪುಟ್ಟ ತಲೆಯೊಳಗೆ ಹಿಡಿಯಬೇಕಾದರೆ, ಹತ್ತಿಯನ್ನು ಒತ್ತಿ ಬೇಲು ಕಟ್ಟುವಂತೆ ಅದನ್ನು ಬಿಗಿಯಬೇಕು. ಈ ಕೆಲಸ ಪ್ರೋಟಮೈನ್ ಎಂಬ ಸಸಾರಜನಕದ್ದು. ಇದರಲ್ಲಿ ಎರಡು ಬಗೆ. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಸಮತೋಲ ತಪ್ಪಿದರೆ ಕಟ್ಟು ಸಡಿಲವಾಗಿ ಎಳೆ ತುಂಡಾಗುತ್ತದೆ. ಹೀಗೆ ತುಂಡಾದ ವೀರ್ಯಾಣುಗಳು ಶೇ. 30ನ್ನು ಮೀರಿದರೆ ಸಹಜವಾಗಿ ಗರ್ಭ ನಿಲ್ಲುವ ಸಂಭವ ಕಡಿಮೆ. ಬೀಡಿ ಸಿಗರೇಟು, ತೀವ್ರ ಜ್ವರ, ವೃಷಣದ ರಕ್ತನಾಳಗಳ ಉಬ್ಬು ಇವು ಇದಕ್ಕೆ ಕಾರಣವಾಗಬಲ್ಲವು. ಪದೇ ಪದೇ ಗರ್ಭಪಾತವಾಗುವ ದಂಪತಿಗಳಲ್ಲಿ ಗಂಡಿಗೂ ಈ ಪರೀಕ್ಷೆ ಮಾಡಿಸುವುದು ಉಚಿತ, ಎಲ್ಲರಿಗೂ ಬೇಕಾಗಿಲ್ಲ.

ಪಿ.ಎಲ್.ಸಿ. ಜೀಟಾ ಎಂಬುದು ಮತ್ತೊಂದು ಸೂಚಕ. 2002ರಲ್ಲಿ ಗುರುತಿಸಲಾದ ಇದು ಅಂಡದೊಳಗೆ ಸುಣ್ಣದಂಶದ ಅಲೆಗಳನ್ನೆಬ್ಬಿಸಿ ಅದನ್ನು ಎಚ್ಚರಿಸುತ್ತದೆ. ಇದಿಲ್ಲದಿದ್ದರೆ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಕ್ಕೆ ಬಿಟ್ಟರೂ ಫಲವಿಲ್ಲದೆ ಹೋಗಬಹುದು. ವೀರ್ಯಾಣುವೇ ಕಾಣದವರಲ್ಲಿ ವೈ ವರ್ಣತಂತುವಿನ ತುಣುಕು ಬಿಟ್ಟುಹೋಗಿದೆಯೇ ಎಂದು ನೋಡುತ್ತಾರೆ. ಯಾವ ತುಣುಕು ಹೋಗಿದೆ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವುಂಟೋ ಇಲ್ಲವೋ ತಿಳಿಯುತ್ತದೆ. ವ್ಯರ್ಥ ಖರ್ಚು ಉಳಿಯುತ್ತದೆ.

ಬೇಸಾಯಗಾರರು ತಿಳಿದಿರಬೇಕಾದ ಒಂದು ಪ್ರಸಂಗವಿದೆ. ಬೇರಿನ ಜಂತುಹುಳುಗಳಿಗೆ ಬಳಸುತ್ತಿದ್ದ ಡಿ.ಬಿ.ಸಿ.ಪಿ. ಎಂಬ ಔಷಧಿಯನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಮಿಕರಲ್ಲಿ ಹಲವರಿಗೆ ವೀರ್ಯಾಣು ತೀರ ಕಡಿಮೆಯಾಗಿರುವುದು, ಕೆಲವರಿಗೆ ಇಲ್ಲವೇ ಇಲ್ಲದಿರುವುದು 1977ರಲ್ಲಿ ಬೆಳಕಿಗೆ ಬಂದಿತು. ತಮಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಮೊದಲು ಗಮನಿಸಿದವರು ಆ ಕಾರ್ಮಿಕರೇ. ಭಾರತದಲ್ಲಿ ಅದು 1989ರಲ್ಲಿ ನಿಷೇಧವಾಯಿತು. ಔಷಧಿ ಸಿಂಪಡಿಸುವಾಗ ಕೈಗವಸು ಏಕೆಂದು ಕೇಳುವ ತರುಣರಿಗೆ ವಿಸ್ತರಣಾ ಕಾರ್ಯಕರ್ತರು ಇದನ್ನು ಹೇಳಬಹುದು.

ವೀರ್ಯಪರೀಕ್ಷೆಗೆ ಮೊದಲು 2ರಿಂದ 7 ದಿನ ಸಂಭೋಗವಿಲ್ಲದೆ ಇರಬೇಕು. ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ, ಹಿಂದೆ ಬಂದುಹೋದ ಜ್ವರದ ಪರಿಣಾಮವೂ ಫಲಿತಾಂಶದಲ್ಲಿ ಕಾಣಬಹುದು. ಒಂದು ವರದಿ ಕೆಟ್ಟದಾಗಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿಯೇ ಮುಂದಿನ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳುವುದು.